ಲಾಳದ ಬಾಯಿ ಏಕೆ ತೆರೆದಿದೆ?

ಆರನೇ ತರಗತಿಯ ಕಾಂತದ ಪಾಠದಲ್ಲಿ ದಂಡಕಾಂತದ ಪಕ್ಕದಲ್ಲೇ ಲಾಳಾಕಾರದ ಕಾಂತ ಬರುತ್ತದೆ. ಗೊತ್ತಿರುವ ವಸ್ತುವಿನ ಹೋಲಿಕೆಯಿಂದ ಗೊತ್ತಿಲ್ಲದ್ದನ್ನು ಹೇಳುವುದು ಈ ಹೆಸರಿನ ಉದ್ದೇಶ. ರಾಜಾಜಿನಗರ, ವಿಜಯನಗರದ ಶಾಲೆಗಳಲ್ಲಿ ಅದು ತಲೆಕೆಳಗಾಗಿದೆ. ಕಾಂತವನ್ನು ಆಟಿಕೆಗಳಲ್ಲಿ ಕಂಡ ಮಕ್ಕಳೇ ಹೆಚ್ಚು. ಲಾಳ ಕಂಡವರು ಕಡಿಮೆ. ಕಂಡವರೂ ದೃಷ್ಟಿ ತಾಗದಿರಲೆಂದು ಬಾಗಿಲಿಗೆ ಹೊಡೆದದ್ದನ್ನು ಕಂಡಿರುತ್ತಾರೆ, ಪ್ರಾಣಿಯ ಕಾಲಿನಲ್ಲಿ ಅಲ್ಲ. ಆದರೂ ನಾವು ಪ್ರಶಿಕ್ಷಣಾರ್ಥಿಗಳು ಪಾಠ ಯೋಜನೆಯ 'ಪೂರ್ವಜ್ಞಾನ'ದ ಜಾಗದಲ್ಲಿ ಇದನ್ನು ಸೇರಿಸಿ ಮುಂದೆ ಸಾಗುತ್ತೇವೆ. ಲಾಳಕ್ಕೇ ಹತ್ತು ನಿಮಿಷ ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಗೊರಸಿನಿಂದಲೇ ಶುರುಮಾಡಬಹುದು. ಕುದುರೆಯ ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆ ಕೆರಾಟಿನ್‌ನಿಂದ ಆದದ್ದು. ನಮ್ಮ ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ, ಗೊರಸು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಬಯಲಿನಲ್ಲಿ ಅಲೆಯುವ ಕುದುರೆಗೆ ಬೆಳೆದಷ್ಟೇ ಸವೆಯುತ್ತದೆ, ಲೆಕ್ಕ ಸರಿಹೋಗುತ್ತದೆ. ಭಾರ ಎಳೆಯುತ್ತಾ ಕಲ್ಲು ಹಾಸಿನ ಮೇಲೋ ಡಾಂಬರಿನ ಮೇಲೋ ದಿನವಿಡೀ ನಡೆದರೆ ಸವೆತ ಬೆಳವಣಿಗೆಯನ್ನು ಮೀರುತ್ತದೆ. ಲಾಳ ಹುಟ್ಟಿದ್ದು ಈ ವ್ಯತ್ಯಾಸದಿಂದ.

ರೋಮನ್ನರು ಕಬ್ಬಿಣದ ಒಂದು ಬಗೆಯ ಪಾದರಕ್ಷೆಯನ್ನು ಗೊರಸಿಗೆ ಕಟ್ಟುತ್ತಿದ್ದರು. ಮೊಳೆ ಹೊಡೆದು ಕೂರಿಸುವ ಲಾಳ ಯೂರೋಪಿನಲ್ಲಿ ಬಳಕೆಗೆ ಬಂದದ್ದು ಸುಮಾರು 9-10ನೇ ಶತಮಾನದ ನಂತರ. 1835ರಲ್ಲಿ ಅಮೆರಿಕದ ಹೆನ್ರಿ ಬರ್ಡನ್ ಗಂಟೆಗೆ 60 ಲಾಳ ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಯಂತ್ರ ಲಾಳವನ್ನು ಮಾಡಬಲ್ಲದು. ಪ್ರತಿ ಕಾಲಿಗೆ ಒಗ್ಗಿಸಿ ಹೊಡೆಯುವುದು ಇಂದಿಗೂ ಕೈಕೆಲಸವೇ. ಉತ್ತರ ಕರ್ನಾಟಕದ 'ನಾಲಬಂದ' ಎಂಬ ಮನೆತನದ ಹೆಸರು ಈ ಕಸುಬಿನದು.

ಗೊರಸಿನ ಅಡಿಯಲ್ಲಿ ಒಂದು ಬಿಳಿಗೆರೆ ಕಾಣುತ್ತದೆ. ಅದರ ಹೊರಗಿನ ಗೋಡೆಗೆ ನೋವಿಲ್ಲ, ಒಳಗಿರುವುದು ಜೀವಂತ ಅಂಗಾಂಶ. ಮೊಳೆ ಈ ಗೆರೆಯ ಹೊರಗೇ ಇಳಿದು ಗೋಡೆಯ ಬದಿಯಿಂದ ಈಚೆ ಬರಬೇಕು. ಅದಕ್ಕೆಂದೇ ಮೊಳೆಯ ತುದಿಯನ್ನು ಒಂದು ಪಕ್ಕ ಓರೆ ಮಾಡಿರುತ್ತಾರೆ: ಬಡಿದಂತೆಲ್ಲ ಅದು ತಾನೇ ಹೊರಕ್ಕೆ ಬಾಗುತ್ತದೆ. ಆಮೇಲೆ ತುದಿ ಕತ್ತರಿಸಿ ಮಡಚುತ್ತಾರೆ. ಒಂದು ಮೊಳೆ ದಾರಿ ತಪ್ಪಿದರೂ ಕುದುರೆ ಕುಂಟುತ್ತದೆ, ಜಟಕಾದವನ ಅಂದಿನ ಸಂಪಾದನೆ ಹೋಗುತ್ತದೆ. ಗೊರಸು ಬೆಳೆಯುತ್ತಲೇ ಇರುವುದರಿಂದ ಆರೆಂಟು ವಾರಕ್ಕೊಮ್ಮೆ ಲಾಳ ಕಿತ್ತು, ಗೊರಸು ಕೆತ್ತಿ, ಮತ್ತೆ ಹೊಡೆಯಬೇಕು.

ಹಾಗಾದರೆ ಹಿಂದೆ ಏಕೆ ತೆರೆದಿದೆ? ಭಾರ ಬಿದ್ದಾಗ ಗೊರಸಿನ ಹಿಂಭಾಗ ತುಸು ಅಗಲವಾಗಿ, ಕಾಲೆತ್ತಿದಾಗ ಮೊದಲಿನಂತಾಗುತ್ತದೆ. ಹೆಜ್ಜೆಯ ಹೊಡೆತವನ್ನು ತಡೆದುಕೊಳ್ಳುವ ವ್ಯವಸ್ಥೆಯಲ್ಲಿ ಇದೂ ಸೇರಿದೆ. ಆದ್ದರಿಂದ ಮೊಳೆಗಳನ್ನು ಮುಂದಿನ ಅರ್ಧದಲ್ಲೇ ಹೊಡೆದು, ಹಿಮ್ಮಡಿಯ ಕಡೆ ಬಿಡುವು ಕೊಡುತ್ತಾರೆ. ಪೂರ್ತಿ ಬಳೆಯಂಥ ಲಾಳವೂ ಇದೆ, ಆದರೆ ಅದು ಕೆಲವು ಕಾಲಿನ ತೊಂದರೆಗಳಿಗೆ.

ಎತ್ತಿನ ಲಾಳ ನೋಡಿದರೆ ಈ ವಿಚಾರ ಇನ್ನೂ ಸ್ಪಷ್ಟ. ಎತ್ತಿನದು ಸೀಳು ಗೊರಸು, ಎರಡು ಭಾಗಗಳೂ ಬೇರೆಬೇರೆಯಾಗಿ ಅಲುಗುತ್ತವೆ. ಒಂದೇ ಲಾಳ ಕೂರಿಸಿದರೆ ಎರಡನ್ನೂ ಬಿಗಿದಂತೆ. ಹಾಗಾಗಿ ಕಾಲಿಗೆ ಎರಡು ತೆಳು ತಗಡು. ಎಲ್ಲ ಭಾಗಕ್ಕೂ ಹೊಡೆದರೆ ಎತ್ತಿಗೆ 8, ಜೋಡಿಗೆ 16. ಕುದುರೆ ಮೂರು ಕಾಲಲ್ಲಿ ನಿಂತು ನಾಲ್ಕನೆಯದನ್ನು ಕೊಡುತ್ತದೆ. ಎತ್ತನ್ನು ನಮ್ಮ ಹಳ್ಳಿಗಳಲ್ಲಿ ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ ಲಾಳ ಹೊಡೆಯುತ್ತಾರೆ. ಕೆಂಗೇರಿಯಾಚೆಯ ಹಳ್ಳಿಗಳಿಂದ ಬರುವ ಮಕ್ಕಳ ಅಜ್ಜಂದಿರನ್ನು ಕೇಳಿದರೆ ನಮ್ಮ ಪುಸ್ತಕಗಳಿಗಿಂತ ಹೆಚ್ಚು ತಿಳಿದೀತು.

ರೇಸ್ ಕುದುರೆಗಳಿಗೆ ಓಟದ ದಿನ ಅಲ್ಯೂಮಿನಿಯಂ ಲಾಳ ಹಾಕುವುದುಂಟು. ಉಕ್ಕಿನ ಸಾಂದ್ರತೆ ಸುಮಾರು 7.8, ಅಲ್ಯೂಮಿನಿಯಂನದು 2.7. ಕಾಲಿನ ತುದಿ ಪ್ರತಿ ಹೆಜ್ಜೆಗೂ ನಿಂತು ಮತ್ತೆ ವೇಗ ಪಡೆಯಬೇಕಾದ್ದರಿಂದ ಅಲ್ಲಿನ ಪ್ರತಿ ಗ್ರಾಂ ಲೆಕ್ಕಕ್ಕೆ ಬರುತ್ತದೆ. ಬೇಗ ಸವೆಯುವುದು ಇದರ ದೋಷ. ಈಗ ರಬ್ಬರು, ಪ್ಲಾಸ್ಟಿಕ್ಕಿನ ಲಾಳಗಳೂ, ಮೊಳೆಯಿಲ್ಲದೆ ಅಂಟಿಸುವವೂ ಬಂದಿವೆ.

ಇನ್ನು ಕಾಂತ. 1820ರ ದಶಕದಲ್ಲಿ ವಿಲಿಯಂ ಸ್ಟರ್ಜನ್ ತನ್ನ ವಿದ್ಯುತ್ಕಾಂತಕ್ಕೆ ಕಬ್ಬಿಣವನ್ನು ಲಾಳದಂತೆ ಬಗ್ಗಿಸಿದ. ಬಗ್ಗಿಸಿದಾಗ ಎರಡು ಧ್ರುವಗಳೂ ಹತ್ತಿರ ಬಂದು ಒಂದೇ ತುಂಡನ್ನು ಒಟ್ಟಿಗೆ ಹಿಡಿಯುತ್ತವೆ. ಆಕಾರ ಒಂದೇ, ಕಾರಣ ಬೇರೆ. ಇದನ್ನು ನಾವು ಹೇಳದೆ ಮಕ್ಕಳಿಂದಲೇ ಹೊರಡಿಸಬೇಕು.

ಬೋಧನೋಪಕರಣಕ್ಕೆ ದೂರ ಹೋಗಬೇಕಿಲ್ಲ. ಮನೆ ಬಾಗಿಲಿಗೆ ಲಾಳವಿದ್ದರೆ ನೋಡಿಕೊಂಡು ಬರಲು ಹೇಳಿ: ರಂಧ್ರಗಳೆಷ್ಟು, ಯಾವ ಕಡೆ, ಯಾವ ಅಂಚು ಹೆಚ್ಚು ಸವೆದಿದೆ? ದೃಷ್ಟಿಯ ನಂಬಿಕೆಯನ್ನು ತರಗತಿಯಲ್ಲಿ ಗೇಲಿ ಮಾಡುವುದು ಬೇಡ. ಮಗು ಮನೆಯ ವಿಷಯ ಹೇಳುವುದನ್ನೇ ನಿಲ್ಲಿಸಿಬಿಡುತ್ತದೆ. ಉಕ್ಕಿನದೊಂದು, ಅಲ್ಯೂಮಿನಿಯಂನದೊಂದು ಲಾಳ ಸಿಕ್ಕರೆ ಕಾಂತ ಹಿಡಿಯುವ ಮೊದಲು ಯಾವುದು ಅಂಟುತ್ತದೆಂದು ಊಹಿಸಿ ಬರೆಯಲು ಹೇಳಿ, ಆಮೇಲೆ ಕಾಂತವನ್ನು ಅವರ ಕೈಗೇ ಕೊಡಿ.