ಚಲಿಸುವ ಮನೆಯ ರೌಟರ್ ಮತ್ತು ವೈದ್ಯರ ಸಲಹೆ

ವಯೋವೃದ್ಧರಾದ ತಾಯಿತಂದೆಯರನ್ನು ಊರಿಗೆ ಕರೆದೊಯ್ಯುವಾಗ ಕ್ಯಾರವಾನ್ ಎಂಬ ವಸತಿವಾಹನವನ್ನು ಬಾಡಿಗೆಗೆ ಪಡೆಯುವವರು ಈಗ ನಮ್ಮ ಮುಂಬಯಿ, ಪುಣೆಗಳಲ್ಲಿಯೂ ಇದ್ದಾರೆ. ಮಲಗಲು ಹಾಸಿಗೆ, ಶೌಚದ ಅನುಕೂಲ, ಇನ್ಸುಲಿನ್ನನ್ನು ತಂಪಾಗಿಡಲು ಫ್ರಿಜ್ ಇವೆಲ್ಲ ಒಂದೇ ಸೂರಿನಡಿ ದೊರೆಯುವುದರಿಂದ ಪ್ರಯಾಣದ ಆಯಾಸ ತಗ್ಗುವುದು ನಿಜ. ಕೆಲವುಗಳಲ್ಲಿ ಮೊಬೈಲ್ ಸಿಮ್ ಅಳವಡಿಸಿದ ಅಂತರಜಾಲದ ರೌಟರ್ ಸಹ ಇರುತ್ತದೆ. ದಾರಿಯಲ್ಲಿ ಆರೋಗ್ಯ ಕೆಟ್ಟರೆ ವಿಡಿಯೋದ ಮೂಲಕ ವೈದ್ಯರನ್ನು ಕಾಣಬಹುದೆಂಬ ಧೈರ್ಯ ಅದರಿಂದ. ಆದರೆ ಬೇಕಾದ ಗಳಿಗೆಯಲ್ಲಿಯೇ ಅದು ಕೈಕೊಟ್ಟರೆ? ಬಹುಮಂದಿ ಮಾಡುವುದು ಒಂದೇ: ಗುಂಡಿಯೊತ್ತಿ ಆರಿಸುವುದು, ಮತ್ತೆ ಹಚ್ಚುವುದು. ಕಾರಣವನ್ನರಿಯದೆ ಜ್ವರದ ಮಾತ್ರೆ ನುಂಗಿಸಿದಂತೆ ಇದು.

ರೌಟರ್ ಎರಡು ಕಡೆ ಮಾತನಾಡುತ್ತದೆ. ಒಂದು, ವೈಫೈ ಮೂಲಕ ನಮ್ಮ ಕೈಯಲ್ಲಿರುವ ಫೋನಿನೊಡನೆ. ಇನ್ನೊಂದು, ಹೊರಗಿನ ಮೊಬೈಲ್ ಟವರಿನೊಡನೆ. ಕೆಟ್ಟಿರುವುದು ಯಾವುದೆಂಬುದನ್ನು ಮೊದಲು ತಿಳಿಯತಕ್ಕದ್ದು. ರೌಟರಿನ ಅಡಿಯ ಚೀಟಿಯಲ್ಲಿ ಮುದ್ರಿತವಾದ ವಿಳಾಸವನ್ನು ಫೋನಿನಲ್ಲಿ ತೆರೆಯಿರಿ. ಅದರ ಪುಟ ಥಟ್ಟನೆ ಬಂದರೆ ವೈಫೈ ಸರಿಯಾಗಿದೆ, ದೋಷವನ್ನು ಟವರಿನ ಕಡೆ ಹುಡುಕಬೇಕು. ಪುಟವೇ ಬಾರದಿದ್ದರೆ ದೋಷ ವಾಹನದ ಒಳಗೇ ಇದೆ.

ನನ್ನ ಅಭಿಪ್ರಾಯದಲ್ಲಿ ಎಲ್ಲರೂ ಕಡೆಗಣಿಸುವ ಸಂಗತಿಯೆಂದರೆ ವಿದ್ಯುತ್ತು. ಪೂರ್ಣ ತುಂಬಿದ 12 ವೋಲ್ಟಿನ ಸೀಸದ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಅದು 14ರ ಆಚೀಚೆ ಏರುತ್ತದೆ. ಮನೆಯಲ್ಲಿ ಬಳಸುವ ರೌಟರ್ ಈ ಏರಿಳಿತಕ್ಕಾಗಿ ತಯಾರಾದದ್ದಲ್ಲ. ಇನ್ನು ವೈರಿನ ಲೆಕ್ಕ ನೋಡಿ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು 10 ಮೀಟರ್ ಎಳೆದರೆ, ಹೋಗಿಬರುವ 20 ಮೀಟರಿನಲ್ಲಿ ಸುಮಾರು 0.35 ಓಮ್ ಪ್ರತಿರೋಧ. ಅದೇ ತಂತಿಯಿಂದ ನೀರಿನ ಪಂಪು 5 ಆಂಪಿಯರ್ ಎಳೆದರೆ 1.75 ವೋಲ್ಟ್ ದಾರಿಯಲ್ಲಿಯೇ ಕಳೆದುಹೋಗುತ್ತದೆ. ಯಾರೋ ಕೈ ತೊಳೆಯಲು ನಲ್ಲಿ ತಿರುಗಿಸುತ್ತಾರೆ, ರೌಟರ್ ಕಣ್ಣು ಮುಚ್ಚಿ ಮತ್ತೆ ತೆರೆಯುತ್ತದೆ, ವೈದ್ಯರ ಮುಖ ಪರದೆಯಿಂದ ಮಾಯ! ಬೈಗುಳವೆಲ್ಲ ಮೊಬೈಲ್ ಕಂಪನಿಗೆ. ಆದ್ದರಿಂದ ಪಂಪು, ಫ್ರಿಜ್, ದೀಪಗಳನ್ನು ಒಟ್ಟಿಗೆ ಹಚ್ಚಿ, ರೌಟರಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ನೋಡಬೇಕು. ಸ್ವಂತ ವಾಹನವಾದರೆ ಫ್ಯೂಸ್ ಪೆಟ್ಟಿಗೆಯಿಂದ ರೌಟರಿಗೆ ಪ್ರತ್ಯೇಕವಾದ, ದಪ್ಪನೆಯ ತಂತಿ ಹಾಕಿಸುವುದು, ವೋಲ್ಟೇಜನ್ನು ಸ್ಥಿರವಾಗಿಡುವ ಸಣ್ಣ ಪರಿವರ್ತಕವನ್ನು ಜೋಡಿಸುವುದು ಸರಿಯಾದ ಚಿಕಿತ್ಸೆ. ಬಾಡಿಗೆಯದಾದರೆ ಈ ಪರೀಕ್ಷೆಯನ್ನು ಹೊರಡುವ ಮುನ್ನವೇ ಮಾಲೀಕರೆದುರು ಮಾಡಿಸುವುದು ಲೇಸು.

ವಾಹನದ ಮೈ ಲೋಹದ್ದು. ಬಿಸಿಲು ತಡೆಯಲು ಗೋಡೆಯಲ್ಲಿ ಬೆಳ್ಳಿಬಣ್ಣದ ಹಾಳೆ ಹೊದಿಸಿದ್ದರೆ ರೇಡಿಯೋ ಅಲೆಗಳಿಗೆ ಅದು ಇನ್ನೊಂದು ಗೋಡೆ. ಕಪಾಟಿನೊಳಗೆ ಅಡಗಿಸಿಟ್ಟ ರೌಟರ್ ಟವರನ್ನು ಕಾಣುವುದಾದರೂ ಹೇಗೆ? ಅದನ್ನು ಕಿಟಕಿಯ ಬಳಿಗೆ ತರುವುದರಿಂದಲೇ ಅರ್ಧ ತೊಂದರೆ ನೀಗುವುದುಂಟು. ಛಾವಣಿಯ ಮೇಲೆ ಆಂಟೆನಾ ಇದ್ದರೆ ಇನ್ನೂ ಉತ್ತಮ. ಆದರೆ ಅದರ ಕೇಬಲ್ ಚಿಕ್ಕದಾಗಿರಲಿ, ಉದ್ದವಾದಷ್ಟೂ ಗಳಿಸಿದ್ದು ಅಲ್ಲಿಯೇ ಸೋರಿಹೋಗುತ್ತದೆ. ಮುಚ್ಚಿ ನಿಲ್ಲಿಸಿದ ವಾಹನದ ಸೆಕೆಯನ್ನೂ ಮರೆಯಬಾರದು. ಅನೇಕ ಗೃಹಬಳಕೆಯ ರೌಟರುಗಳಿಗೆ ತಯಾರಕರು ಹಾಕಿದ ಮಿತಿ 40 ಡಿಗ್ರಿ ಸೆಲ್ಸಿಯಸ್.

ಪರದೆಯ ಮೇಲಿನ ಗೀಟುಗಳನ್ನು ಪೂರ್ತಿ ನಂಬಲಾಗದು. ಟವರಿನ ಅಲೆ ಬಲವಾಗಿದ್ದರೂ ನೂರಾರು ಜನ ಒಮ್ಮೆಲೇ ಅದನ್ನು ಬಳಸುತ್ತಿದ್ದರೆ ನಮ್ಮ ಪಾಲಿಗೆ ಬರುವುದು ಹನಿಯಷ್ಟೇ. ಜಾತ್ರೆಯೂರುಗಳಲ್ಲಿ ಇದು ಎಲ್ಲರ ಅನುಭವ. ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ಆಗ ಉಳಿದ ದಾರಿ. ಹೊಸ ಸಿಮ್ ಹಾಕಿದೊಡನೆ ಅದಕ್ಕೆ ತಕ್ಕ ಎಪಿಎನ್ ಹೆಸರು ರೌಟರಿನಲ್ಲಿ ನಮೂದಾಗಿದೆಯೇ ಎಂದೂ ನೋಡಿರಿ. ಶಿರಾಡಿ, ಚಾರ್ಮಾಡಿಗಳಂಥ ಘಟ್ಟದ ತಿರುವುಗಳಲ್ಲಿ ಮಾತ್ರ ಬೆಟ್ಟವೇ ಅಡ್ಡ ನಿಂತಿರುತ್ತದೆ. ಅಲೆಯೇ ತಲುಪದ ಕಡೆ ಯಾವ ಯಂತ್ರವೂ ಅದನ್ನು ಸೃಷ್ಟಿಸಲಾರದು.

ಈ ಕಾರಣದಿಂದಲೇ ರೋಗಿಯ ಯೋಗಕ್ಷೇಮವನ್ನು ರೌಟರ್ ಒಂದಕ್ಕೇ ಒಪ್ಪಿಸುವುದು ಯುಕ್ತವಲ್ಲ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ದೂರವೈದ್ಯ ಮಾರ್ಗಸೂಚಿ ವಿಡಿಯೋಗೆ ಮಾತ್ರವಲ್ಲದೆ ಧ್ವನಿ ಹಾಗೂ ಬರಹದ ಮೂಲಕ ಸಲಹೆಗೂ ಅವಕಾಶ ಕೊಟ್ಟಿದೆ. ಚಿತ್ರ ತಡವರಿಸಿದರೆ ಅದನ್ನು ಆರಿಸಿ ಧ್ವನಿಯಲ್ಲಿ ಮಾತನಾಡಿ. ಅದಕ್ಕೆ ಬೇಕಾದ ಅಂತರಜಾಲ ಬಹಳ ಕಡಿಮೆ. ಔಷಧಿಗಳ ಹೆಸರು, ಪ್ರಮಾಣ, ಈಚಿನ ಪರೀಕ್ಷೆಗಳ ವರದಿ ಕಾಗದದಲ್ಲಿ ಜೊತೆಗಿರಲಿ. ಎದೆನೋವು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು ಮೊದಲಾದ ಲಕ್ಷಣಗಳು ಕಂಡರೆ ರೌಟರಿನ ಎದುರು ಒಂದು ನಿಮಿಷವನ್ನೂ ಕಳೆಯದೆ ಸಾಧಾರಣ ಫೋನಿನಿಂದ 112 ಅಥವಾ 108ಕ್ಕೆ ಕರೆ ಮಾಡಿ, ಸಮೀಪದ ಆಸ್ಪತ್ರೆಯತ್ತ ವಾಹನ ತಿರುಗಿಸತಕ್ಕದ್ದು. ಆ ಫೋನಿನ ಸಿಮ್ ರೌಟರಿನಲ್ಲಿರುವ ಕಂಪನಿಯದಾಗಿರದೆ ಬೇರೊಂದರದಾಗಿದ್ದರೆ ಒಳಿತು.