ದೂರ ಪ್ರಯಾಣದ ಬೈಕಿಗೆ ರೇಡಿಯಲ್ ಟೈರೋ, ಬಯಾಸ್ ಟೈರೋ?

ಬೆಂಗಳೂರು: ಗೋವಾಕ್ಕೋ ಲಡಾಖ್‌ಗೋ ಬೈಕಿನಲ್ಲಿ ಹೊರಡುವ ಮುನ್ನ ಸವೆದ ಟೈರು ಬದಲಿಸಲು ಹೋದವರು ಬಯಾಸ್ ಮತ್ತು ರೇಡಿಯಲ್‌ಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ. ಬೆಲೆ ಹೆಚ್ಚಿರುವ ರೇಡಿಯಲ್ ಟೈರೇ ಎಲ್ಲ ಬೈಕಿಗೂ ಶ್ರೇಷ್ಠ ಎಂಬ ಭಾವನೆ ಹಲವರಲ್ಲಿದೆ. ಆದರೆ ಬೈಕಿಗೆ ಹೊಂದದ ಟೈರು, ಅದೆಷ್ಟೇ ದುಬಾರಿಯಾಗಿರಲಿ, ತಿರುವಿನಲ್ಲಿ ಸವಾರನ ಪ್ರಾಣಕ್ಕೇ ಸಂಚಕಾರ ತಂದೀತು.

ವ್ಯತ್ಯಾಸ ಎಲ್ಲಿದೆ?

ಎರಡರ ಭೇದವಿರುವುದು ರಬ್ಬರಿನೊಳಗೆ ಹುದುಗಿರುವ ನೂಲಿನ ಪದರಗಳಲ್ಲಿ. ಬಯಾಸ್ ಟೈರಿನಲ್ಲಿ ಎಳೆಗಳು ಒಂದಂಚಿನಿಂದ ಇನ್ನೊಂದಂಚಿಗೆ ಓರೆಯಾಗಿ ಸಾಗುತ್ತವೆ. ಒಂದು ಪದರದ ಎಳೆಗಳನ್ನು ಮತ್ತೊಂದರ ಎಳೆಗಳು ಅಡ್ಡಹಾಯುತ್ತವೆ. ಇದರಿಂದ ಟೈರಿನ ಪಕ್ಕಗಳು ಗಡುಸಾಗಿ, ಭಾರ ಹೊರಲು ಮತ್ತು ಕಲ್ಲುಗಳ ಏಟು ತಾಳಲು ಶಕ್ತವಾಗಿರುತ್ತವೆ. ಆದರೆ ಚಕ್ರ ಉರುಳಿದಂತೆ ಪದರಗಳು ಪರಸ್ಪರ ಉಜ್ಜಿ ಬಿಸಿಯೇರುತ್ತವೆ. ಹೆದ್ದಾರಿಯ ನಿರಂತರ ವೇಗದಲ್ಲಿ ಈ ಶಾಖ ಸವೆತವನ್ನು ಹೆಚ್ಚಿಸುತ್ತದೆ.

ರೇಡಿಯಲ್ ಟೈರಿನಲ್ಲಿ ಎಳೆಗಳು ಅಂಚಿನಿಂದ ಅಂಚಿಗೆ ನೇರವಾಗಿರುತ್ತವೆ. ನೆಲ ಮುಟ್ಟುವ ಭಾಗದ ಕೆಳಗೆ ಪ್ರತ್ಯೇಕ ಪಟ್ಟಿ ಇರುತ್ತದೆ. ಹೀಗಾಗಿ ಪಕ್ಕಗಳು ಬಾಗಿದರೂ ನೆಲದ ಮೇಲಿನ ಹಿಡಿತ ಸಡಿಲಗೊಳ್ಳದು, ಶಾಖವೂ ಕಡಿಮೆ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸ ಮೊದಲು ಕಾರುಗಳಿಗೆ ಬಂದು, 1980ರ ದಶಕದಲ್ಲಿ ಬೈಕುಗಳನ್ನೂ ತಲುಪಿತು.

ಗುರುತಿಸುವುದು ಹೇಗೆ?

ಟೈರಿನ ಪಕ್ಕದಲ್ಲಿ '140/80 ಆರ್ 17' ಎಂದಿದ್ದರೆ ಅದು ರೇಡಿಯಲ್. 'ಆರ್' ಬದಲು ಅಡ್ಡಗೆರೆ ಇದ್ದರೆ ಬಯಾಸ್. ಟ್ಯೂಬ್‌ಲೆಸ್ ಟೈರುಗಳೆಲ್ಲ ರೇಡಿಯಲ್ ಎಂಬುದು ತಪ್ಪು ಕಲ್ಪನೆ. ಟ್ಯೂಬ್‌ಲೆಸ್ ಬಯಾಸ್ ಟೈರುಗಳೂ ಇವೆ.

ಬೆರಕೆ ಬೇಡ

ಮುಂದೊಂದು, ಹಿಂದೊಂದು ಬಗೆಯ ಟೈರನ್ನು ಸವಾರರು ತಾವಾಗಿಯೇ ಜೋಡಿಸುವುದು ಅಪಾಯಕಾರಿ. ತಿರುವಿನಲ್ಲಿ ಎರಡೂ ಬೇರೆ ಬೇರೆ ರೀತಿ ವರ್ತಿಸಿ ಬೈಕಿನ ಸಮತೋಲನ ಕೆಡಬಹುದು. ಆದರೆ ತಯಾರಕರೇ ಪರೀಕ್ಷಿಸಿ ಒದಗಿಸುವ ಜೋಡಣೆಯ ಮಾತು ಬೇರೆ. 2023ರಲ್ಲಿ ಬಿಡುಗಡೆಯಾದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಮುಂದಿನ ಚಕ್ರಕ್ಕೆ ಬಯಾಸ್, ಹಿಂದಿನದಕ್ಕೆ ರೇಡಿಯಲ್ ಟೈರು ಅಳವಡಿಸಲಾಗಿದೆ.

ಯಾರಿಗೆ ಯಾವುದು?

ಬೈಕಿನ ಕೈಪಿಡಿ ಎರಡಕ್ಕೂ ಅವಕಾಶ ಕೊಟ್ಟಿದ್ದರೆ, ಹೆದ್ದಾರಿಯಲ್ಲೇ ಹೆಚ್ಚು ಓಡಾಡುವವರಿಗೆ ರೇಡಿಯಲ್ ಸೂಕ್ತ. ಸಾಮಾನು ಹೇರಿಕೊಂಡು ಕಚ್ಚಾ ರಸ್ತೆಗಳಲ್ಲಿ ನಿಧಾನವಾಗಿ ಸಾಗುವವರಿಗೆ ಬಯಾಸ್ ಸಾಕು, ಖರ್ಚೂ ಕಡಿಮೆ. ಒಂದನ್ನೇ ಸೂಚಿಸಿದ್ದರೆ ಅದನ್ನೇ ಪಾಲಿಸುವುದು ಕ್ಷೇಮ.

ಕೊಳ್ಳುವಾಗ ಭಾರ ಮತ್ತು ವೇಗದ ಸಂಕೇತವನ್ನೂ ಗಮನಿಸಬೇಕು. '69 ಎಚ್' ಎಂದಿದ್ದರೆ ಆ ಟೈರು 325 ಕಿಲೋ ಭಾರ ಹೊರಬಲ್ಲದು, ಗಂಟೆಗೆ 210 ಕಿ.ಮೀ. ವೇಗ ತಾಳಬಲ್ಲದು. '2324' ಎಂಬಂಥ ನಾಲ್ಕಂಕಿಯ ಸಂಖ್ಯೆ 2024ರ 23ನೇ ವಾರದ ತಯಾರಿಕೆಯನ್ನು ಸೂಚಿಸುತ್ತದೆ.

ಟೈರು ಯಾವುದೇ ಇರಲಿ, ಗಾಳಿ ಕಡಿಮೆಯಾದರೆ ಅದರ ಗುಣವೆಲ್ಲ ವ್ಯರ್ಥ. ಪ್ರತಿದಿನ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ, ಗಾಳಿಯ ಒತ್ತಡ ಪರೀಕ್ಷಿಸಿಕೊಳ್ಳುವುದು ಉತ್ತಮ.