ಮೇಣದ ಮಹನೀಯರ ದರ್ಶನ

ಅಮೀರ್‌ಪೇಟೆಯ ಹಳಬರಿಗೆಲ್ಲ ಸತ್ಯಂ ಟಾಕೀಸು ಗೊತ್ತು. ಅದನ್ನು ಕೆಡವಿದ ಜಾಗದಲ್ಲಿ ಈಗ ಹಲವು ತೆರೆಗಳುಳ್ಳ ದೊಡ್ಡ ಚಿತ್ರಮಂದಿರವೆದ್ದಿದೆ. 2023ರ ಜೂನ್ ತಿಂಗಳಲ್ಲಿ ಅದರ ಬಾಗಿಲು ತೆರೆಯಿತು. ತೆಲುಗು ನಟ ಅಲ್ಲು ಅರ್ಜುನ್ ಅದರ ಪಾಲುದಾರರಲ್ಲೊಬ್ಬರು. ಮರುವರ್ಷ, ಅಂದರೆ 2024ರ ಮಾರ್ಚಿಯಲ್ಲಿ, ಇದೇ ಅಲ್ಲು ಅರ್ಜುನರ ಮೇಣದ ಪ್ರತಿಮೆಯನ್ನು ದುಬೈಯ ಮೇಡಂ ತುಸ್ಸಾಡ್ಸ್ ಸಂಗ್ರಹಾಲಯದಲ್ಲಿ ನಿಲ್ಲಿಸಿದರು. ಅಂದಿನಿಂದ ನಮ್ಮ ಕಡೆಯ ಮಕ್ಕಳಿಗೆ ಅದೊಂದು ಗೀಳಾಗಿದೆ. ರಜ ಬಂತೆಂದರೆ ಮೇಣದ ಬೊಂಬೆ ನೋಡಬೇಕೆಂದು ಹಟ. ದುಬೈಗೆ ಹೋಗುವುದೆಂದರೆ ಕೋಠಿಗೆ ಹೋಗಿಬಂದಷ್ಟು ಸುಲಭವೆ?

ಹಾಗೆಂದು ಮೇಣದ ಮಹನೀಯರು ಹೈದರಾಬಾದಿಗೆ ಪಾದವಿಟ್ಟೇ ಇಲ್ಲವೆನ್ನಲಾಗದು. 2019ರ ಮಾರ್ಚ್ 25ರಂದು ಸಿಂಗಪುರದ ತುಸ್ಸಾಡ್ಸಿನವರು ನಟ ಮಹೇಶ್ ಬಾಬು ಅವರ ಪ್ರತಿಮೆಯನ್ನು ಗಚ್ಚಿಬೌಲಿಯ ಎ.ಎಂ.ಬಿ. ಚಿತ್ರಮಂದಿರಕ್ಕೇ ಹೊತ್ತು ತಂದು ಅನಾವರಣ ಮಾಡಿದರು. ಸಿಂಗಪುರದ ಹೊರಗೆ ಅವರು ಹಾಗೆ ಮಾಡಿದ್ದು ಅದೇ ಮೊದಲು. ಅಸಲಿ ಮಹೇಶ್ ಬಾಬು ನಕಲಿ ಮಹೇಶ್ ಬಾಬುವಿನ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡರು. ಆಮೇಲೆ ಅಸಲಿನವರು ಇಲ್ಲೇ ಉಳಿದರು. ನಕಲಿನವರು ಸಿಂಗಪುರಕ್ಕೆ ಪ್ರಯಾಣ ಬೆಳೆಸಿದರು.

ತುಸ್ಸಾಡ್ಸಿನ ಶಾಖೆಯೊಂದು 2017ರ ಡಿಸೆಂಬರಿನಲ್ಲಿ ದಿಲ್ಲಿಯ ಕನಾಟ್ ಪ್ಲೇಸಿನಲ್ಲಿ ತೆರೆದಿತ್ತು. ಕೋವಿಡ್ ಕಾಲದಲ್ಲಿ ಅದು ಮುಚ್ಚಿತು. 2022ರಲ್ಲಿ ನೋಯಿಡಾದಲ್ಲಿ ಮತ್ತೆ ಆರಂಭವಾಯಿತು. ಅದೂ ನಮಗೆ ದೂರವೇ. ರಜೆಯಲ್ಲಿ ಹೇಗಿದ್ದರೂ ಊರಿಗೆ ಹೋಗತಕ್ಕ ನಮ್ಮಂಥವರಿಗೆ ಮೈಸೂರೇ ಅನುಕೂಲ. ಕಾಚಿಗುಡದಲ್ಲಿ ಸಂಜೆ ರೈಲು ಹತ್ತಿದರೆ ಮರುದಿನ ಮೈಸೂರು. ಅಲ್ಲಿ ಅರಮನೆಯನ್ನೂ ಮೃಗಾಲಯವನ್ನೂ ನೋಡುವವರು ಬಹಳ. ಸಿದ್ಧಾರ್ಥ ಬಡಾವಣೆಯ ಹಳೆಯ ಬಂಗಲೆಯೊಂದರಲ್ಲಿರುವ ಮೇಣದ ಬೊಂಬೆಗಳ ಮನೆಗೆ ಹೋಗುವವರು ಅಷ್ಟಿಲ್ಲ. 'ಮೆಲೊಡಿ ವರ್ಲ್ಡ್' ಎಂದು ಅದರ ಹೆಸರು. ಕಂಪ್ಯೂಟರ್ ಉದ್ಯೋಗದಲ್ಲಿದ್ದ ಶ್ರೀಜಿ ಭಾಸ್ಕರನ್ ಎಂಬವರು 2010ರ ಅಕ್ಟೋಬರಿನಲ್ಲಿ ಅದನ್ನು ಸ್ಥಾಪಿಸಿದರು. ಆಳೆತ್ತರದ ನೂರಕ್ಕೂ ಹೆಚ್ಚು ಮೇಣದ ಪ್ರತಿಮೆಗಳು, ಮುನ್ನೂರಕ್ಕೂ ಹೆಚ್ಚು ವಾದ್ಯಗಳು ಅಲ್ಲಿವೆ. ಚಿತ್ರನಟರ ಸಾಲನ್ನು ನಿರೀಕ್ಷಿಸಿ ಹೋದವರಿಗೆ ಸ್ವಲ್ಪ ನಿರಾಸೆಯಾದೀತು. ಏಕೆಂದರೆ ಅಲ್ಲಿ ಪ್ರಾಧಾನ್ಯ ಸಂಗೀತಕ್ಕೆ. ಒಂದೊಂದು ಕೋಣೆಯಲ್ಲಿ ಒಂದೊಂದು ಬಗೆಯ ಮೇಳ: ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಪಂಜಾಬಿನ ಭಾಂಗ್ಡಾ, ಅಮೆರಿಕದ ಜಾಜ್, ರಾಕ್, ಆದಿವಾಸಿಗಳ ವಾದ್ಯಗೋಷ್ಠಿ, ಹೀಗೆ.

ನಾವು ಹೋದಾಗ ಜೊತೆಯಲ್ಲಿ ಮೊಮ್ಮಗನಿದ್ದ. ವಯಸ್ಸು ಒಂಬತ್ತು, ಹುಟ್ಟಿ ಬೆಳೆದದ್ದೆಲ್ಲ ಅಮೀರ್‌ಪೇಟೆಯಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ತರಕಾರಿಯವನ ಹತ್ತಿರ ಹಿಂದಿ. ಬಾಗಿಲಲ್ಲಿ ಅವನ ಮೊದಲ ಪ್ರಶ್ನೆ: "ತಾತ, ಪ್ರಭಾಸ್ ಎಲ್ಲಿದಾನೆ?" ಇಲ್ಲ ಮರಿ, ಇದು ವಾದ್ಯ ನುಡಿಸುವವರ ಮನೆ ಎಂದೆ. ಮುಖ ಸಣ್ಣದಾಯಿತು. ಆದರೆ ರಾಕ್ ಗುಂಪಿನ ಮುಂದೆ ಬಂದದ್ದೇ ತಡ, ಗಿಟಾರನ್ನೂ ಡ್ರಮ್ಮುಗಳನ್ನೂ ಕಂಡು ಹುಡುಗನ ಕಾಲು ತಾನಾಗಿ ತಾಳ ಹಾಕತೊಡಗಿತು. ಕುತ್ತಿಗೆಯೂ ಅಲ್ಲಾಡಿತು. ಯಾವುದೋ ಹಾಡು ಅವನಿಗೆ ಕೇಳಿಸುತ್ತಿದ್ದುದರಲ್ಲಿ ಸಂಶಯವಿಲ್ಲ. ನಮ್ಮ ಮನೆಯವರು ಮಾತ್ರ, "ಈ ಕೂದಲು ನೋಡಿ, ಬಾಚಣಿಗೆ ಕಾಣದೆ ಎಷ್ಟು ದಿನವಾಯಿತೋ" ಎಂದು ಮುಂದೆ ಸಾಗಿದರು.

ಕರ್ನಾಟಕ ಸಂಗೀತದ ಮೇಳದೆದುರು ಪಾತ್ರಗಳು ಅದಲುಬದಲಾದವು. ಅಜ್ಜಿಯ ಕಾಲು ಅಲ್ಲಿ ನಿಂತುಬಿಟ್ಟಿತು. ತುಟಿ ಮೆಲ್ಲಗೆ ಅಲುಗಿತು, ಬೆರಳು ತೊಡೆಯ ಮೇಲೆ ಎಣಿಸತೊಡಗಿತು. ಹುಡುಗ ಎರಡು ನಿಮಿಷ ಕಾದು, ಸೆರಗು ಜಗ್ಗಿ ಕೇಳಿದ:

"ಅಜ್ಜಿ, ಇವರು ಏನು ನುಡಿಸ್ತಿದಾರೆ?"

"ಕೇಳಿಸ್ತಾ ಇಲ್ವೇನೋ?"

"ಬೊಂಬೆ ಹೇಗೆ ನುಡಿಸತ್ತೆ?"

ಅಜ್ಜಿ ನಕ್ಕು ಸುಮ್ಮನಾದರು. ಅವರು ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ನಾಲ್ಕು ವರ್ಷ ವೀಣೆ ಕಲಿತವರು. ವೀಣೆ ಶೇಷಣ್ಣನವರ ಹೆಸರನ್ನು ಗುರುಗಳು ಎತ್ತಿದಾಗಲೆಲ್ಲ ಕೈಮುಗಿಯುತ್ತಿದ್ದರಂತೆ. 1926ರಲ್ಲಿ ತೀರಿಕೊಂಡ ಶೇಷಣ್ಣನವರನ್ನು ಇವರು ಕಂಡವರಲ್ಲ, ಕೇಳಿದವರಲ್ಲ. ಆದರೂ ಆ ಹೆಸರು ಅವರ ಕಿವಿಯಲ್ಲಿದೆ. ಹುಡುಗನ ಕಿವಿಯಲ್ಲಿ ಬೇರೆ ಹೆಸರುಗಳಿವೆ. ಎರಡು ಮೇಳಗಳೂ ಒಂದೇ ಮೇಣದವು, ಎರಡೂ ಮೂಕ. ನಾವು ಮನೆಯಿಂದ ಏನನ್ನು ಹೊತ್ತುಕೊಂಡು ಹೋಗಿರುತ್ತೇವೆಯೋ ಅದನ್ನೇ ಅವು ತಿರುಗಿ ಕೊಟ್ಟವು. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಇದು ಒಂದಿಷ್ಟು ಚುರುಕ್ ಎನ್ನಿಸುವ ಸಂಗತಿ. ರಾಕಿನವರನ್ನು ಗುರುತಿಸಿದನೆಂದು ನನಗೆ ಬೇಸರವಿಲ್ಲ. ವೀಣೆಯನ್ನು ನೋಡಿ "ಇದು ದೊಡ್ಡ ಸಿತಾರಾ?" ಎಂದು ಕೇಳಿದನಲ್ಲ, ಅದು ನಾಟಿತು.

ಹುಡುಗ ಹುಡುಕಿದ ಪ್ರಭಾಸರ ಕಥೆಯನ್ನೂ ಹೇಳಿಬಿಡುತ್ತೇನೆ. 2017ರಲ್ಲಿ ಬ್ಯಾಂಕಾಕಿನ ತುಸ್ಸಾಡ್ಸಿನವರು ಬಾಹುಬಲಿಯ ವೇಷದಲ್ಲಿ ಅವರನ್ನು ಮೇಣದಲ್ಲಿ ನಿಲ್ಲಿಸಿದರು. ಅದನ್ನು ಎಲ್ಲರೂ ಮೆಚ್ಚಿದರು. 2023ರ ಸೆಪ್ಟೆಂಬರಿನಲ್ಲಿ ಮೈಸೂರಿನದೇ ಇನ್ನೊಂದು ಮೇಣದ ಸಂಗ್ರಹಾಲಯದಲ್ಲಿದ್ದ ಬಾಹುಬಲಿಯ ಚಿತ್ರ ಹೊರಬಿತ್ತು. ಕವಚವಿದೆ, ಭುಜವಿದೆ, ಗಡ್ಡವಿದೆ. ಪ್ರಭಾಸರು ಮಾತ್ರ ಕಾಣರು! ಇದು ಹೈದರಾಬಾದ್ ಸನ್‌ರೈಸರ್ಸ್ ತಂಡದ ಹಿಂದಿನ ನಾಯಕ ಡೇವಿಡ್ ವಾರ್ನರ್ ಇರಬೇಕೆಂದು ಅಭಿಮಾನಿಗಳೇ ನಕ್ಕರು. ನಿರ್ಮಾಪಕ ಶೋಭು ಯಾರ್ಲಗಡ್ಡ ಅವರು, ತಮ್ಮ ಅನುಮತಿಯಿಲ್ಲದೆ ಮಾಡಿದ್ದು, ತೆಗೆಸಲು ಕ್ರಮ ಕೈಗೊಳ್ಳುವೆವೆಂದು ಸಾರ್ವಜನಿಕವಾಗಿಯೇ ಆಕ್ಷೇಪಿಸಿದರು. ಸಂಗ್ರಹಾಲಯದವರು ಬೊಂಬೆಯನ್ನು ತೆಗೆದರು. ಇದನ್ನು ಕೇಳಿ ನಮ್ಮ ಮನೆಯವರು ಹೇಳಿದ ಮಾತು ಬರೆಯತಕ್ಕದ್ದೇ: "ನವರಾತ್ರಿಯಲ್ಲಿ ಪಟ್ಟದ ಬೊಂಬೆ ಕೂರಿಸ್ತೀವಲ್ಲ, ರಾಜ ಯಾರ ಹಾಗಿದಾನೆ, ರಾಣಿ ಯಾರ ಹಾಗಿದಾಳೆ ಅಂತ ಇವತ್ತಿನವರೆಗೆ ಯಾರಾದರೂ ಕೇಳಿದಾರಾ?" ನಿಜ. ಮರದ ರಾಜನಿಗೆ ಯಾರನ್ನೂ ಹೋಲುವ ಹೊಣೆಯಿಲ್ಲ. ಮೇಣದವನಿಗೆ ಅದೊಂದೇ ಹೊಣೆ.

ಈ ಹೊಣೆಯನ್ನು ವ್ಯಾಪಾರವಾಗಿ ಬೆಳೆಸಿದಾಕೆ ಒಬ್ಬ ಹೆಂಗಸು, ಅದರಲ್ಲೂ ಊರುಬಿಟ್ಟು ಬಂದವಳು ಎಂಬುದು ನಮ್ಮ ವಾಚಕರಿಗೆ ಹಿಡಿಸಬಹುದು. ಮೇರಿ ಗ್ರೋಶೋಲ್ಟ್ಸ್ 1761ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಹುಟ್ಟಿದಳು. ತಾಯಿ, ಫಿಲಿಪ್ ಕರ್ಟಿಯಸ್ ಎಂಬ ವೈದ್ಯನ ಮನೆವಾರ್ತೆ ನೋಡಿಕೊಳ್ಳುತ್ತಿದ್ದಳು. ಆ ವೈದ್ಯನಿಗೆ ಮೇಣದಲ್ಲಿ ಅಂಗಾಂಗಗಳನ್ನೂ ಮುಖಗಳನ್ನೂ ಮಾಡುವ ಕೈಚಳಕವಿತ್ತು. ಹುಡುಗಿ ಅವನಿಂದ ಕಲಿತಳು. 1777ರಲ್ಲಿ, ಇನ್ನೂ ಹದಿನಾರರ ಆಸುಪಾಸಿನಲ್ಲಿ, ಪ್ರಸಿದ್ಧ ಲೇಖಕ ವಾಲ್ಟೇರನ ಪ್ರತಿಮೆ ಮಾಡಿದಳು. ಫ್ರಾನ್ಸಿನ ಕ್ರಾಂತಿಯಲ್ಲಿ ಶಿರಚ್ಛೇದಕ್ಕೆ ಗುರಿಯಾದವರ ಮುಖದ ಅಚ್ಚುಗಳನ್ನು ತೆಗೆಯಬೇಕಾಗಿ ಬಂತೆಂದು ಆಕೆಯೇ ಹೇಳಿಕೊಂಡಿದ್ದಾಳೆ. ಗುರು 1794ರಲ್ಲಿ ತೀರಿಕೊಂಡಾಗ ಬೊಂಬೆಗಳೆಲ್ಲ ಇವಳ ಪಾಲಿಗೆ ಬಂದವು. ಮರುವರ್ಷ ತುಸ್ಸಾಡ್ ಎಂಬವನನ್ನು ಮದುವೆಯಾದಳು.

1802ರಲ್ಲಿ ಹಿರಿಯ ಮಗನನ್ನೂ ಬೊಂಬೆಗಳನ್ನೂ ಕಟ್ಟಿಕೊಂಡು ಕಡಲು ದಾಟಿ ಲಂಡನ್ನಿಗೆ ಬಂದಳು. ಗಂಡನೂ ಕಿರಿಯ ಮಗನೂ ಪ್ಯಾರಿಸಿನಲ್ಲೇ ಉಳಿದರು. ಬೇಗ ಹಿಂತಿರುಗಬೇಕೆಂದೇ ಹೊರಟಿರಬೇಕು. ಯಾರು ತಾನೆ ಊರುಬಿಡುವಾಗ ಹಾಗಂದುಕೊಳ್ಳುವುದಿಲ್ಲ? ಯುದ್ಧ ಅಡ್ಡ ಬಂತು, ಆಮೇಲೆ ವ್ಯಾಪಾರ ಅಡ್ಡ ಬಂತು. ಆಕೆ ಮತ್ತೆ ಫ್ರಾನ್ಸಿಗೆ ಹೋಗಲಿಲ್ಲ. ಮೂವತ್ತಮೂರು ವರ್ಷ ಬ್ರಿಟನ್ನಿನ ಊರೂರು ಅಲೆದು, ನಮ್ಮ ಜಾತ್ರೆಯ ನಾಟಕ ಕಂಪನಿಗಳಂತೆ ಅಲ್ಲಲ್ಲಿ ಬೀಡುಬಿಟ್ಟು, ಪ್ರದರ್ಶನ ನಡೆಸಿದಳು. 1835ರಲ್ಲಿ ಲಂಡನ್ನಿನ ಬೇಕರ್ ಬೀದಿಯಲ್ಲಿ ಕೊನೆಗೂ ನೆಲೆಯಾಯಿತು. ಕಿರಿಯ ಮಗ ಬೆಳೆದು ದೊಡ್ಡವನಾದ ಮೇಲೆ ತಾಯಿಯ ಬಳಿಗೆ ಬಂದ. 1842ರಲ್ಲಿ ತನ್ನದೇ ಪ್ರತಿಮೆ ಮಾಡಿ, 1850ರಲ್ಲಿ ತೀರಿಕೊಂಡಳು. ಸಂಗ್ರಹಾಲಯ ಈಗಿರುವ ಮೆರಿಲೆಬೋನ್ ರಸ್ತೆಗೆ ಬಂದದ್ದು 1884ರಲ್ಲಿ. 1925ರಲ್ಲಿ ಬೆಂಕಿ ಬಿತ್ತು, 1940ರಲ್ಲಿ ಜರ್ಮನರ ಬಾಂಬು ಬಿತ್ತು. ಬೊಂಬೆ ಕರಗಿದರೂ ಅಚ್ಚು ಉಳಿದಿದ್ದರೆ ಮತ್ತೆ ಎರೆಯಬಹುದು. ಅಚ್ಚೇ ಹೋದರೆ ಉಪಾಯವಿಲ್ಲ. ಆ ಬಾಂಬಿಗೆ ಸುಮಾರು ಮುನ್ನೂರೈವತ್ತು ಅಚ್ಚುಗಳು ಹೋದವು. ಅದೇ ಸಂಗ್ರಹಾಲಯದಲ್ಲಿ 2000ದಲ್ಲಿ ಅಮಿತಾಭ್ ಬಚ್ಚನ್ ನಿಂತರು. ಭಾರತದ ಚಿತ್ರನಟರಲ್ಲಿ ಅವರೇ ಮೊದಲಿಗರು.

ಆ ಕಾಲದವರು ಛಾಯಾಚಿತ್ರವನ್ನೇ ಕಾಣದವರು. ರಾಜ ಹೇಗಿದ್ದನೆಂದು ತಿಳಿಯಲು ನಾಣ್ಯದ ಮೇಲಿನ ಮುಖವೇ ಗತಿ. ಮೇಡಂ ತುಸ್ಸಾಡ್ ತೋರಿಸಿದ್ದನ್ನು ಅವರು ನಂಬಿದರು. ಇಂದು ಪ್ರತಿಯೊಬ್ಬನ ಜೇಬಿನಲ್ಲೂ ಪ್ರಭಾಸರ ಸಾವಿರ ಚಿತ್ರಗಳಿರುವಾಗ ಶಿಲ್ಪಿಯ ಪಾಡು ಕೇಳಬೇಕೆ?

ಹೀಗಾಗಿ ಕೆಲಸ ಬಹಳ ಸೂಕ್ಷ್ಮವಾದದ್ದು. ತುಸ್ಸಾಡ್ಸಿನಲ್ಲಿ ವ್ಯಕ್ತಿಯನ್ನು ಕೂರಿಸಿ ಇನ್ನೂರಕ್ಕೂ ಹೆಚ್ಚು ಅಳತೆ ತೆಗೆದುಕೊಳ್ಳುತ್ತಾರೆ. ಮೊದಲು ಜೇಡಿಮಣ್ಣಿನಲ್ಲಿ ರೂಪ, ಅದರ ಮೇಲೆ ಅಚ್ಚು, ಅಚ್ಚಿಗೆ ಕಾಯಿಸಿದ ಜೇನುಮೇಣ. ಆರುವಾಗ ಮೇಣ ಕುಗ್ಗುವುದರಿಂದ ಮಣ್ಣಿನ ರೂಪವನ್ನು ನೂರಕ್ಕೆ ಎರಡರಷ್ಟು ದೊಡ್ಡದಾಗಿಯೇ ಮಾಡಿರುತ್ತಾರೆ. ಮೇಣದ್ದು ತಲೆ ಮತ್ತು ಕೈಗಳು ಮಾತ್ರ. ಬಟ್ಟೆಯೊಳಗಿನ ಮೈ ಫೈಬರ್‌ಗ್ಲಾಸಿನದು. ಕೂದಲನ್ನು ಒಂದೊಂದಾಗಿ ಸೂಜಿಯಿಂದ ನೆಡುತ್ತಾರೆ. ಅದೊಂದಕ್ಕೇ ಹಲವು ವಾರ. ಕಣ್ಣಿನ ಬಿಳಿಯಲ್ಲಿ ಕಾಣುವ ಕೆಂಪು ನರಗಳಿಗೆ ಸಣ್ಣ ರೇಷ್ಮೆ ಎಳೆ. ಎಲ್ಲ ಮುಗಿಯಲು ಮೂರು ನಾಲ್ಕು ತಿಂಗಳು ಬೇಕು.

ಮೇಣದ ಕೆಲಸ ನಮ್ಮ ನಾಡಿಗೆ ಹೊಸದೇನಲ್ಲ. ಮುಂಬಯಿ ರಸ್ತೆಯಲ್ಲಿ ಹೋಗುವಾಗ ಹುಮನಾಬಾದ್ ದಾಟಿದ ಮೇಲೆ ಬಸವಕಲ್ಯಾಣ ಸಿಗುತ್ತದಲ್ಲ, ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಲೋಹದ ವಿಗ್ರಹ ಎರೆಯುವ ವಿಧಾನವಿದೆ. ಮೊದಲು ಮೇಣದಲ್ಲಿ ದೇವರ ರೂಪ ಮಾಡಿ, ಮಣ್ಣು ಮೆತ್ತಿ, ಒಣಗಿಸಿ ಕಾಯಿಸುತ್ತಾರೆ. ಮೇಣ ಕರಗಿ ಹರಿದುಹೋದ ಪೊಳ್ಳಿನಲ್ಲಿ ಕರಗಿದ ಲೋಹ ಹೊಯ್ಯುತ್ತಾರೆ. ಅಂದರೆ ಮೇಣವಿದ್ದದ್ದು ಹೋಗಲೆಂದೇ! ಅದನ್ನೇ ನಿಲ್ಲಿಸಿಕೊಂಡು ನೋಡುವ ಚಪಲ ಚಳಿದೇಶದವರದು. ನಮ್ಮ ಏಪ್ರಿಲ್ ಮೇ ತಿಂಗಳುಗಳಿಗೆ ಅದು ಹೊಂದುವುದಲ್ಲ.

ಕೊಪ್ಪಳದ ಉದ್ಯಮಿಯೊಬ್ಬರಿಗೆ ಈ ಬಿಸಿಲಿನ ಪ್ರಶ್ನೆಯೇ ಎದುರಾಯಿತು. ಕೊಪ್ಪಳವೆಂದರೆ 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದ ಊರು. ಅವರ ಪತ್ನಿ 2017ರಲ್ಲಿ ತಿರುಪತಿಗೆ ಹೋಗುತ್ತಿದ್ದಾಗ ರಸ್ತೆಯ ಅಪಘಾತದಲ್ಲಿ ತೀರಿಕೊಂಡಿದ್ದರು. ಆಕೆ ಬಯಸಿದ್ದ ಮನೆಯನ್ನು ಪತಿ ಕಟ್ಟಿಸಿದರು. 2020ರ ಆಗಸ್ಟಿನಲ್ಲಿ ಗೃಹಪ್ರವೇಶಕ್ಕೆ ಬಂದ ನೆಂಟರು ಒಳಗೆ ಕಾಲಿಟ್ಟು ನೋಡಿದರೆ ಮನೆಯೊಡತಿ ರೇಷ್ಮೆ ಸೀರೆಯುಟ್ಟು, ಒಡವೆ ತೊಟ್ಟು, ನಗುತ್ತ ಆಸನದಲ್ಲಿ ಕುಳಿತಿದ್ದಾರೆ! ಆ ಚಿತ್ರಗಳನ್ನು ನೀವೂ ನೋಡಿರಬೇಕು, ದೇಶವೆಲ್ಲ ನೋಡಿತು. ಬೆಂಗಳೂರಿನ ಕಲಾವಿದ ಶ್ರೀಧರ ಮೂರ್ತಿಯವರು ಸುಮಾರು ಒಂದು ವರ್ಷ ಕೆಲಸ ಮಾಡಿ ಅದನ್ನು ರೂಪಿಸಿದ್ದರು.

ಇದು ಸರಿಯೆ ತಪ್ಪೆ ಎಂದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಚರ್ಚೆಯಾಯಿತು. ಗೋಡೆಯ ಮೇಲೊಂದು ಚಿತ್ರ, ಅದಕ್ಕೊಂದು ಗಂಧದ ಹಾರ, ಅಷ್ಟು ಸಾಕು. ಹೋದವರನ್ನು ಕುರ್ಚಿಯಲ್ಲಿ ಕೂರಿಸಬಾರದು ಎಂದರು ಕೆಲವರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಊರಿನಿಂದ ದೂರವಿದ್ದು, ತಂದೆತಾಯಿಯರ ಕೊನೆಗಾಲಕ್ಕೆ ಬಸ್ಸು ಹಿಡಿದು ಓಡಿಯೂ ಮುಖ ಸಿಕ್ಕದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅಂಥವರು ಆ ಚಿತ್ರವನ್ನು ಕಂಡು ನಗಲಿಲ್ಲ. ಮೈಸೂರಿನ ಬಾಹುಬಲಿಯನ್ನು ಪರೀಕ್ಷಿಸಲು ಊರೆಲ್ಲ ಇತ್ತು. ಕೊಪ್ಪಳದ ಆ ಮುಖವನ್ನು, ಹೌದು ಇದು ಅವಳೇ ಎನ್ನಲು ಅಧಿಕಾರವಿದ್ದವರು ಗಂಡ, ಮಕ್ಕಳು, ಹತ್ತಿರದ ನಾಲ್ಕು ಜನ, ಅಷ್ಟೇ. ಅವರು ಒಪ್ಪಿದರು. ಹೆಣ್ಣುಮಕ್ಕಳು ಅಮ್ಮನ ಪಕ್ಕದಲ್ಲಿ ಕುಳಿತು ಚಿತ್ರ ತೆಗೆಸಿಕೊಂಡರು.

ಆ ಪ್ರತಿಮೆ ಮೇಣದ್ದಲ್ಲವೆಂಬುದನ್ನು ಹೇಳಲೇಬೇಕು. ಮೇಣದಲ್ಲಾದರೆ ಹಗಲೂ ರಾತ್ರಿ ಹವಾನಿಯಂತ್ರಣ ಯಂತ್ರ ನಡೆಯುತ್ತಿರಬೇಕು, ಕೊಪ್ಪಳದ ಬಿಸಿಲಿಗೆ ಅದು ತಡೆಯದು ಎಂದು ಸಿಲಿಕೋನಿನಲ್ಲಿ ಮಾಡಿದರಂತೆ. ಆಕೆ ಬೇಸಿಗೆಯಲ್ಲೂ ಹೊರಗಿನ ಪಡಸಾಲೆಯಲ್ಲೇ ಕುಳಿತಿರಬಹುದು.